ಆಸ್ಪತ್ರೆಗಾಗಿ ಮನೆಯಲ್ಲಿ ಹೊಲಿದ ಮುಖಗವಸು

ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕು ಬೀಳುವೆಡೆ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೊಂದಿದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಮಕ್ಕಳ ಲಂಗ, ಕುಪ್ಪಸ, ದಿಂಬಿನ ಚೀಲ, ಹರಿದ ಹೊದಿಕೆಯ ರಿಪೇರಿ, ಇಷ್ಟರಲ್ಲಿಯೇ ಅದರ ದುಡಿಮೆ ಮುಗಿಯುತ್ತಿತ್ತು. ಆ ಯಂತ್ರಕ್ಕೂ ಆಸ್ಪತ್ರೆಗೂ ಏನಾದರೂ ಸಂಬಂಧ ಬಂದೀತೆಂದು ನಾವು ಎಂದೂ ಎಣಿಸಿರಲಿಲ್ಲ.

2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಅದು ಕೋವಿಡ್ ರೋಗದಿಂದಾದ ಸಾವೆಂದೂ, ಭಾರತದಲ್ಲಿ ಆ ರೋಗಕ್ಕೆ ಬಲಿಯಾದವರಲ್ಲಿ ಅವರೇ ಮೊದಲಿಗರೆಂದೂ ಎರಡು ದಿನಗಳ ಅನಂತರ ದೃಢಪಟ್ಟಿತು. ಎಲ್ಲೋ ದೂರದ ಚೀನಾದಲ್ಲಿದೆ ಎಂದುಕೊಂಡಿದ್ದ ಕಾಯಿಲೆ ನಮ್ಮ ಜಿಲ್ಲೆಯ ಹೊಸ್ತಿಲಿಗೇ ಬಂದು ನಿಂತಿತ್ತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಅಂದು ಯುಗಾದಿ. ಬೇವು ಬೆಲ್ಲವನ್ನು ನೆರೆಮನೆಗೆ ಕೊಟ್ಟು ಬರುವುದಕ್ಕೂ ಅಂಜಿಕೆಯಾದ ಯುಗಾದಿಯನ್ನು ನಮ್ಮ ಜೀವಮಾನದಲ್ಲಿ ನಾವು ಅದೊಂದನ್ನೇ ಕಂಡದ್ದು.

ನಮ್ಮ ಅಣ್ಣನ ಮಗಳು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಆ ದಿನಗಳಲ್ಲಿ ಅವಳು ಮನೆಗೆ ಬರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಫೋನು ಮಾಡಿ ನಾಲ್ಕು ಮಾತನಾಡುತ್ತಿದ್ದಳು. ಒಂದು ರಾತ್ರಿ ಮಾತಿನ ನಡುವೆ, “ಮಾಸ್ಕ್ ಎಣಿಸಿ ಕೊಡ್ಲಿಕತ್ತಾರ ಅತ್ತಿ, ದಿನಕ್ಕ ಒಂದೇ” ಎಂದಳು. ಬೇಡಿಕೆಯಾಗಿ ಅವಳು ಅದನ್ನು ಹೇಳಲಿಲ್ಲ. ದಣಿದವರು ಮನೆಯವರ ಮುಂದೆ ಹೇಳಿಕೊಳ್ಳುವ ಹಾಗೆ ಹೇಳಿದಳು. ಆದರೆ ನಮಗೆ ಅಂದು ನಿದ್ರೆ ಬರಲಿಲ್ಲ. ಮನೆಯಲ್ಲಿ ಯಂತ್ರವಿದೆ, ದಾರವಿದೆ, ಉಡಿ ತುಂಬಿದಾಗ ಬಂದ ಖಣಗಳು ಪೆಟ್ಟಿಗೆಯ ತುಂಬ ಇವೆ. ಇಷ್ಟೆಲ್ಲ ಇಟ್ಟುಕೊಂಡು ಸುಮ್ಮನೆ ಕುಳಿತುಕೊಳ್ಳುವುದು ಹೇಗೆ?

ಮರುದಿನವೇ ನಮ್ಮ ಓಣಿಯ ಐದು ಮನೆಗಳ ಹೆಣ್ಣುಮಕ್ಕಳು ಫೋನಿನಲ್ಲಿಯೇ ಮಾತಾಡಿಕೊಂಡು ಕೆಲಸ ಹಂಚಿಕೊಂಡೆವು. ಒಬ್ಬರು ಕತ್ತರಿಸಿ ಕಟ್ಟೆಯ ಮೇಲೆ ಇಡುವುದು, ಇನ್ನೊಬ್ಬರು ಒಯ್ದು ಹೊಲಿಯುವುದು. ಎದುರು ಮನೆಯ ದೊಡ್ಡವ್ವನಿಗೆ ಎಪ್ಪತ್ತು ದಾಟಿದೆ, ಯಂತ್ರ ತುಳಿಯಲು ಮೊಣಕಾಲು ಒಪ್ಪವು. ಆಕೆ ದಪ್ಪ ಕನ್ನಡಕ ಹಾಕಿಕೊಂಡು ಸೂಜಿಯಿಂದಲೇ ಹನ್ನೆರಡು ಮುಖಗವಸು ಹೊಲಿದಳು. ಎಂಟು ದಿನಗಳಲ್ಲಿ ನೂರರವತ್ತು ಆದವು. ಕೆಂಪು, ಹಸಿರು, ಹೂವಿನ ಅಂಚಿನವು, ನೋಡಲು ಚೆಂದವಾಗಿದ್ದವು. ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ, ಆ ಕಡೆ ಹೊರಟಿದ್ದ ಆಶಾ ಕಾರ್ಯಕರ್ತೆಯೊಬ್ಬರ ಕೈಯಲ್ಲಿ ಆಸ್ಪತ್ರೆಗೆ ಕಳುಹಿಸಿದೆವು.

ಹಿಂದಿರುಗಿದ ಗಂಟು

ನಾಲ್ಕನೆಯ ದಿನ ಗಂಟು ಹಿಂದಕ್ಕೆ ಬಂದಿತು. ಬಿಚ್ಚಿದ ಗುರುತೂ ಹೆಚ್ಚಾಗಿರಲಿಲ್ಲ. ಓಣಿಯಲ್ಲಿ ಎಲ್ಲರ ಮುಖವೂ ಬಾಡಿತು. “ನಮ್ಮ ಹೊಲಿಗಿ ಅಷ್ಟು ಕೆಟ್ಟಿತ್ತೇನವ್ವಾ?” ಎಂದು ದೊಡ್ಡವ್ವ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಸಿಟ್ಟೂ ಬಂದಿತ್ತೆಂದು ಮರೆಮಾಚದೆ ಹೇಳುತ್ತೇವೆ. ಇಲ್ಲವೆನ್ನುವ ಕಾಲದಲ್ಲಿ ಕೊಟ್ಟದ್ದನ್ನು ಬೇಡವೆನ್ನುವುದೆಂದರೇನು?

ಅಂದು ರಾತ್ರಿ ಸೊಸೆಗೆ ಫೋನು ಮಾಡಿ ಆ ಸಿಟ್ಟನ್ನು ಅವಳ ಮೇಲೆ ಹಾಕಿದೆವು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ, “ಅತ್ತಿ, ಹೊಲಿಗಿ ಭಾಳ ಚಲೋ ಅದ. ಆದ್ರ ಇದನ್ನ ಹಾಕ್ಕೊಂಡು ನಾ ರೋಗಿ ಹತ್ರ ಹೋದ್ರ, ನನಗ ಧೈರ್ಯ ಬರ್ತದ, ರಕ್ಷಣೆ ಬರಂಗಿಲ್ಲ. ಅದಕ್ಕ ಅಂಜಿಕಿ” ಎಂದಳು.

ಈ ಮಾತು ನಮ್ಮನ್ನು ತಡೆದು ನಿಲ್ಲಿಸಿತು. ನಾವು ಯಾರ ರಕ್ಷಣೆಗಾಗಿ ಎಂಟು ದಿನ ಯಂತ್ರ ತುಳಿದಿದ್ದೆವೋ ಆ ಹುಡುಗಿಯನ್ನೇ ಅಪಾಯಕ್ಕೆ ಒಡ್ಡುವ ವಸ್ತುವನ್ನು ಪ್ರೀತಿಯಿಂದ ಗಂಟು ಕಟ್ಟಿ ಕಳುಹಿಸಿದ್ದೆವೇ? ಅಲ್ಲಿಂದ ಮುಂದೆ ಹಲವು ದಿನ ನಾವು ಹೊಲಿಯಲಿಲ್ಲ. ತಿಳಿಯಲು ಯತ್ನಿಸಿದೆವು. ಹಾಗೆ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಬಟ್ಟೆಯ ತುಂಡಿನ ಹಿಂದಿನ ಕಥೆ

ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ ಬಹಳ ಹಳೆಯದೇನಲ್ಲ. ಮಾತನಾಡುವಾಗ ಬಾಯಿಂದ ಸಿಡಿಯುವ ಕಣ್ಣಿಗೆ ಕಾಣದ ಹನಿಗಳಲ್ಲಿಯೂ ರೋಗಾಣುಗಳಿರುತ್ತವೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಕಾರ್ಲ್ ಫ್ಲ್ಯೂಗೆ 19ನೆಯ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟರು. ಅದನ್ನು ಅನುಸರಿಸಿ, ಬ್ರೆಸ್ಲಾವ್ ನಗರದ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್ 1897ರಲ್ಲಿ ಗಾಜ್ ಬಟ್ಟೆಯ ಮುಖಗವಸನ್ನು ಬಳಕೆಗೆ ತಂದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಬಟ್ಟೆ ವೈದ್ಯರನ್ನು ರಕ್ಷಿಸಲು ಹುಟ್ಟಿದ್ದಲ್ಲ. ವೈದ್ಯರ ಬಾಯಿಯ ಹನಿ ರೋಗಿಯ ತೆರೆದ ಗಾಯಕ್ಕೆ ಬೀಳದಿರಲೆಂದು ಹುಟ್ಟಿದ್ದು.

ಧರಿಸಿದವರನ್ನೇ ಕಾಪಾಡುವ ಉದ್ದೇಶದಿಂದ ಮುಖಗವಸನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದವರು ಮಲಯದ ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ವೈದ್ಯ ವೂ ಲಿಯೆನ್ ತೆ. 1910-11ರಲ್ಲಿ ಚೀನಾದ ಈಶಾನ್ಯ ಭಾಗದ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿ ಸುಮಾರು 60,000 ಜನ ಸತ್ತರು. ರೋಗ ಉಸಿರಿನ ಮೂಲಕ ಹರಡುತ್ತಿದೆಯೆಂದು ಗುರುತಿಸಿದ ಅವರು, ಹತ್ತಿಯ ತುಂಡನ್ನು ಗಾಜ್ ಬಟ್ಟೆಯ ಪದರಗಳಲ್ಲಿ ಸುತ್ತಿ ಮುಖಕ್ಕೆ ಬಿಗಿಯಾಗಿ ಕಟ್ಟಿಕೊಳ್ಳುವ ಕ್ರಮವನ್ನು ಜಾರಿಗೆ ತಂದರು. ಇವರ ಮಾತನ್ನು ಲಘುವಾಗಿ ಕಂಡ ಹಿರಿಯ ಫ್ರೆಂಚ್ ವೈದ್ಯರೊಬ್ಬರು ಮುಖಗವಸಿಲ್ಲದೆ ರೋಗಿಗಳನ್ನು ನೋಡಿ ಅದೇ ಪ್ಲೇಗಿಗೆ ಬಲಿಯಾದರು.

1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಸ್ವಯಂಸೇವಕಿಯರು ಗುಂಪುಗೂಡಿ ಕುಳಿತು ಗಾಜ್ ಬಟ್ಟೆಯ ಮುಖಗವಸುಗಳನ್ನು ಹೊಲಿದರು. ಸಾನ್‌ಫ್ರಾನ್ಸಿಸ್ಕೊ ನಗರವಂತೂ ಎಲ್ಲರೂ ಅದನ್ನು ಧರಿಸಬೇಕೆಂದು ಕಾನೂನನ್ನೇ ಮಾಡಿತು. ಆದರೆ 1920ರಲ್ಲಿ ಕ್ಯಾಲಿಫೋರ್ನಿಯದ ಆರೋಗ್ಯಾಧಿಕಾರಿ ಕೆಲಾಗ್ ಪರೀಕ್ಷೆಗಳನ್ನು ನಡೆಸಿ ನಿರಾಶೆಯ ವರದಿ ಕೊಟ್ಟರು. ಜಾಳು ಬಟ್ಟೆ ಹನಿಗಳನ್ನು ತಡೆಯದು. ಪದರ ಹೆಚ್ಚಿಸಿದರೆ ಉಸಿರು ಬಟ್ಟೆಯೊಳಗಿಂದ ಬಾರದೆ ಅಂಚುಗಳಿಂದ ನುಸುಳುತ್ತದೆ. ನೂರು ವರ್ಷಗಳ ಹಿಂದೆಯೇ ಅವರು ಕಂಡುಕೊಂಡ ಈ ತೊಡಕು ನಮ್ಮ ಖಣದ ಮುಖಗವಸಿಗೂ ಇತ್ತು.

ಬಟ್ಟೆಗಿರುವ ಮಿತಿ

ಆಸ್ಪತ್ರೆಯವರು ಬಳಸುವ ತೆಳು ನೀಲಿಯ ಮಾಸ್ಕ್ ನೋಡಲು ಕಾಗದದಂತಿದ್ದರೂ ಅದರೊಳಗೆ ಮೂರು ಪದರಗಳಿವೆ. ನಡುವಿನ ಪದರವನ್ನು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕನ್ನು ಕರಗಿಸಿ, ಬಿಸಿಗಾಳಿಯಿಂದ ಊದಿ, ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಎಳೆಗಳಾಗಿ ಹರಡಿ ಮಾಡುತ್ತಾರೆ. ಆ ಎಳೆಗಳಿಗೆ ಸ್ಥಿರ ವಿದ್ಯುತ್ತನ್ನೂ ತುಂಬುತ್ತಾರೆ. ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವಂತೆ, ಸೂಕ್ಷ್ಮ ಕಣಗಳು ಆ ಎಳೆಗಳಿಗೆ ಅಂಟಿಕೊಳ್ಳುತ್ತವೆ. ಸೂಜಿಯ ತೂತು ಬೀಳದಿರಲೆಂದು ಅದರ ಅಂಚುಗಳನ್ನು ದಾರದಿಂದ ಹೊಲಿಯದೆ ಶಬ್ದಾತೀತ ಕಂಪನದಿಂದ ಬೆಸೆಯುತ್ತಾರೆ. ಎನ್-95 ಎಂಬುದು ಇನ್ನೂ ಮೇಲಿನದು. ಸೋಸಲು ಅತಿ ಕಷ್ಟವಾದ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ನೂರಕ್ಕೆ 95ನ್ನಾದರೂ ತಡೆಯಬೇಕೆಂಬುದು ಅದರ ನಿಯಮ. ಮುಖಕ್ಕೆ ಅಂಟಿದಂತೆ ಕೂರುವುದು ಅದರ ಗುಣ.

ನೂಲಿನ ಬಟ್ಟೆಗೆ ಇವೆರಡೂ ಇಲ್ಲ. ವಿಯೆಟ್ನಾಮಿನ ಹನೋಯ್ ನಗರದ 14 ಆಸ್ಪತ್ರೆಗಳ 1,607 ಸಿಬ್ಬಂದಿಯ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಬಟ್ಟೆಯ ಮಾಸ್ಕ್ ಧರಿಸಿ ದುಡಿದವರಲ್ಲಿ ವೈದ್ಯಕೀಯ ಮಾಸ್ಕ್ ಧರಿಸಿದವರಿಗಿಂತ ಹೆಚ್ಚು ಮಂದಿ ಫ್ಲೂ ತರಹದ ಕಾಯಿಲೆಗೆ ತುತ್ತಾದರು. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಆ ಬಟ್ಟೆಯ ಮಾಸ್ಕಿನೊಳಗಿಂದ ನೂರಕ್ಕೆ 97ರಷ್ಟು ಕಣಗಳು ತೂರಿಹೋದರೆ, ವೈದ್ಯಕೀಯ ಮಾಸ್ಕಿನೊಳಗಿಂದ 44ರಷ್ಟು ಹೋದವು. ಒದ್ದೆಯಾಗುವುದು, ಒಂದನ್ನೇ ಮತ್ತೆ ಮತ್ತೆ ಬಳಸುವುದು, ಸರಿಯಾಗಿ ಸೋಸದಿರುವುದು ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಹೇಳಿದರು.

ನಮ್ಮ ದೇಶದಲ್ಲಿಯೂ ಈ ವಿಷಯದಲ್ಲಿ ಅಸ್ಪಷ್ಟತೆ ಇರಲಿಲ್ಲ. 2020ರ ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸಾರ್ವಜನಿಕರು ಮನೆಯಲ್ಲಿಯೇ ಹೊಲಿದ ಮುಖಗವಸನ್ನು ಧರಿಸಲೆಂದು ಸಲಹೆಯಿತ್ತಿತು. ಅದೇ ಸಲಹೆಯಲ್ಲಿ, ಆರೋಗ್ಯ ಸಿಬ್ಬಂದಿಗೂ ಕೋವಿಡ್ ರೋಗಿಗಳಿಗೂ ಅವರ ಸಂಪರ್ಕದಲ್ಲಿರುವವರಿಗೂ ಇದು ತಕ್ಕದ್ದಲ್ಲವೆಂದೂ ಹೇಳಿತ್ತು. ನಾವು ಮೊದಲ ಅರ್ಧವನ್ನು ಕೇಳಿ ಎರಡನೆಯ ಅರ್ಧವನ್ನು ಕೇಳಿಸಿಕೊಂಡಿರಲಿಲ್ಲ.

ಹಾಗಾದರೆ ಯಾರಿಗಾಗಿ?

ಕೆಲವು ದಿನಗಳ ಮೇಲೆ ಸೊಸೆಯನ್ನು ಮತ್ತೆ ಕೇಳಿದೆವು. ಈ ಸಲ ಸಿಟ್ಟಿರಲಿಲ್ಲ. “ನಿಮಗೇನು ಬೇಕು, ಹೇಳವ್ವಾ” ಎಂದೆವು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಅವಳು ಮೇಲಿನವರನ್ನು ವಿಚಾರಿಸಿ ಎರಡು ದಿನ ಬಿಟ್ಟು ಉತ್ತರ ಕೊಟ್ಟಳು.

ಆಸ್ಪತ್ರೆಯ ಬಾಗಿಲಿಗೆ ದಿನವೂ ಜನ ಬರುತ್ತಾರೆ. ಬಸುರಿಯನ್ನು ಕರೆತಂದ ತಾಯಿ, ಊಟದ ಡಬ್ಬಿ ತಂದ ಮಗ, ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ ಹಳ್ಳಿಯವರು. ಅವರಲ್ಲಿ ಅನೇಕರ ಮುಖಕ್ಕೆ ಏನೂ ಇರುತ್ತಿರಲಿಲ್ಲ. ಅಂಥವರನ್ನು ಒಳಗೆ ಬಿಡಲು ವಾರ್ಡಿನ ದಾಸ್ತಾನಿನಿಂದಲೇ ಮಾಸ್ಕ್ ತೆಗೆದು ಕೊಡಬೇಕಾಗುತ್ತಿತ್ತು. ಅವರಿಗೆ ಬಟ್ಟೆಯ ಮುಖಗವಸು ಸಿಕ್ಕರೆ ಎರಡು ಲಾಭ. ಅವರ ಕೆಮ್ಮಿನ, ಮಾತಿನ ಹನಿಗಳಲ್ಲಿ ದೊಡ್ಡವು ಬಟ್ಟೆಯಲ್ಲಿಯೇ ಉಳಿಯುತ್ತವೆ. ಜೊತೆಗೆ, ಅವರಿಗೆ ಹೋಗುತ್ತಿದ್ದ ವೈದ್ಯಕೀಯ ಮಾಸ್ಕ್ ವಾರ್ಡಿನಲ್ಲಿ ರೋಗಿಯ ಪಕ್ಕ ನಿಲ್ಲುವವರಿಗೆ ಮಿಗುತ್ತದೆ. ನಾವು ಹೊಲಿದ ಬಟ್ಟೆ ನಮ್ಮ ಹುಡುಗಿಯ ಮುಖಕ್ಕೆ ಏರದಿದ್ದರೂ ಅವಳಿಗೆ ನೆರವಾಗುವ ದಾರಿ ಇದು. ಮಿಕುಲಿಚ್ ಅವರ ಬಟ್ಟೆಯೂ ಎದುರಿಗಿರುವವರನ್ನು ಕಾಯಲೆಂದೇ ಹುಟ್ಟಿತ್ತಷ್ಟೆ.

ಅವಳು ಕೆಲವು ನಿಬಂಧನೆಗಳನ್ನೂ ಕಳುಹಿಸಿದಳು. ಬಟ್ಟೆ ಅಚ್ಚ ನೂಲಿನದಾಗಿರಬೇಕು; ನಮ್ಮ ಖಣಗಳಲ್ಲಿ ಅರ್ಧಕ್ಕರ್ಧ ಟೆರಿಕಾಟ್ ಬೆರೆತವಾಗಿದ್ದವು, ಅವುಗಳಲ್ಲಿ ಉಸಿರು ಕಟ್ಟುತ್ತದೆ. ಬಣ್ಣ ಬಿಡಬಾರದು; ತಿಳಿ ಬಣ್ಣವಾದರೆ ಕೊಳೆ ಕಾಣುತ್ತದೆ. ಕಿವಿಗೆ ಎಲಾಸ್ಟಿಕ್ ಬೇಡ, ಕುದಿಸಿದರೆ ಅದು ಸತ್ತುಹೋಗುತ್ತದೆ. ಕಟ್ಟುವ ಲಾಡಿ ಇರಲಿ. ಮೂಗಿನ ಎದುರಿಗೆ ಹೊಲಿಗೆಯ ಗೆರೆ ಬರಬಾರದು. ಎಲ್ಲವೂ ಒಂದೇ ಅಳತೆಯಲ್ಲಿರಲಿ. ಒಗೆದು ಒಣಗಿಸಿ, ಹತ್ತು ಹತ್ತು ಎಣಿಸಿ, ಸ್ವಚ್ಛವಾದ ಚೀಲದಲ್ಲಿ ಕೊಡಬೇಕು. ಚೀಲದ ಮೇಲೆ “ಸಂದರ್ಶಕರಿಗೆ ಮಾತ್ರ” ಎಂದು ಬರೆದಿರಬೇಕು.

ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತು. ಅಮೆರಿಕದ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್ ನಗರದ ಡೀಕನೆಸ್ ಆಸ್ಪತ್ರೆಯವರು 2020ರ ಮಾರ್ಚ್ ತಿಂಗಳಿನಲ್ಲಿ ಮುಖಗವಸು ಹೊಲಿದುಕೊಡಿರೆಂದು ಊರವರನ್ನು ಕೇಳಿದಾಗ, ಕೇಳಿಕೆಯ ಜೊತೆಗೇ ಮಾದರಿಯನ್ನೂ ಅಳತೆಯನ್ನೂ ಪ್ರಕಟಿಸಿದ್ದರೆಂದು ಆಮೇಲೆ ತಿಳಿಯಿತು. ಪಡೆಯುವವರು ಮೊದಲು ಹೇಳಿದರು, ಕೊಡುವವರು ಆಮೇಲೆ ಹೊಲಿದರು. ನಾವು ಇದನ್ನು ತಿರುವುಮುರುವು ಮಾಡಿದ್ದೆವು.

ಅಂಗಡಿಯವರೊಬ್ಬರು ಅರ್ಧ ಬಾಗಿಲು ತೆರೆದು ಒಂದು ತಾನು ಮಂಜರಪಾಟದ ಬಟ್ಟೆ ಕೊಟ್ಟರು. ಐದು ಮನೆಗಳ ಯಂತ್ರಗಳು ಮತ್ತೆ ನಡೆದವು. ದೊಡ್ಡವ್ವನಿಗೆ ಈ ಸಲ ಲಾಡಿ ಮಡಿಚಿ ಇಸ್ತ್ರಿ ಮಾಡುವ ಕೆಲಸ. ಹಿಂದಿರುಗಿದ್ದ ನೂರರವತ್ತರಲ್ಲಿ ನೂಲಿನವನ್ನು ಆರಿಸಿ ಕುದಿಸಿ ಓಣಿಯ ಮನೆಗಳಿಗೇ ಹಂಚಿದೆವು. ಮೇ ತಿಂಗಳ ಹೊತ್ತಿಗೆ ಮುನ್ನೂರು ಮುಖಗವಸುಗಳು ಆಸ್ಪತ್ರೆಯ ಬಾಗಿಲು ಸೇರಿದವು. ಅವು ಹಿಂದಕ್ಕೆ ಬರಲಿಲ್ಲ. ಇನ್ನೂ ನೂರು ಬೇಕೆಂಬ ಚೀಟಿ ಬಂದಿತು.

ಆ ವೇಳೆಗೆ ನಾಡಿನಲ್ಲೆಲ್ಲ ಈ ಕೆಲಸ ನಡೆದಿತ್ತು. ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಊರೂರುಗಳಲ್ಲಿ ಮುಖಗವಸು ಹೊಲಿದು ಕಷ್ಟಕಾಲದಲ್ಲಿ ನಾಲ್ಕು ಕಾಸನ್ನೂ ಕಂಡರು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳು ವೈದ್ಯರ ರಕ್ಷಾ ಉಡುಪುಗಳನ್ನು ತಯಾರಿಸತೊಡಗಿದವು. ಮನೆಯ ಯಂತ್ರದ ಕೆಲಸ ಯಾವುದು, ಕಾರ್ಖಾನೆಯ ಕೆಲಸ ಯಾವುದು ಎಂಬ ವಿಂಗಡಣೆ ಸ್ಪಷ್ಟವಾಗಿತ್ತು.

ಹೊಲಿಯುವ ಬಗೆ

ಮನೆಯಲ್ಲಿ ಹೊಲಿಯುವ ಪ್ರಸಂಗ ಮುಂದೆಂದಾದರೂ ಬಂದರೆ ಉಪಯೋಗವಾಗಲೆಂದು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ.

ಒತ್ತಾದ ನೇಯ್ಗೆಯ ನೂಲಿನ ಬಟ್ಟೆಯನ್ನು ಆರಿಸಿಕೊಳ್ಳಬೇಕು. ಬೆಳಕಿಗೆ ಹಿಡಿದಾಗ ಬೆಳಕು ಕಡಿಮೆ ತೂರಿದಷ್ಟೂ ಒಳ್ಳೆಯದು. ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಒಗೆದು ಒಣಗಿಸಿದರೆ ಆಮೇಲೆ ಕುಗ್ಗುವುದಿಲ್ಲ. ದೊಡ್ಡವರಿಗೆ 9 ಇಂಚು ಅಗಲ, 6 ಇಂಚು ಎತ್ತರದ ಎರಡು ತುಂಡುಗಳು ಬೇಕು. 18 ಇಂಚು ಉದ್ದದ ನಾಲ್ಕು ಲಾಡಿಗಳನ್ನು ಬೇರೆಯಾಗಿ ಹೊಲಿದಿಟ್ಟುಕೊಳ್ಳಬೇಕು.

ಎರಡು ತುಂಡುಗಳ ಒಳ್ಳೆಯ ಮೈಗಳು ಒಂದಕ್ಕೊಂದು ತಾಗುವಂತೆ ಇಟ್ಟು, ನಾಲ್ಕು ಮೂಲೆಗಳಲ್ಲಿ ಲಾಡಿಗಳನ್ನು ಒಳಮುಖವಾಗಿ ಸೇರಿಸಿ, ಸುತ್ತಲೂ ಹೊಲಿಗೆ ಹಾಕಬೇಕು. ಕೆಳಬದಿಯಲ್ಲಿ 2 ಇಂಚು ಬಿಟ್ಟುಕೊಂಡು ಅಲ್ಲಿಂದ ಒಳಗನ್ನು ಹೊರಗೆ ಮಗುಚಬೇಕು. ಬಳಿಕ ಅಡ್ಡಲಾಗಿ ಮೂರು ನಿರಿಗೆ ಹಿಡಿದು, ಎಡಬಲದ ಅಂಚುಗಳಲ್ಲಿ ಅವನ್ನು ಭದ್ರಪಡಿಸಿ, ಸುತ್ತ ಇನ್ನೊಂದು ಹೊಲಿಗೆ ಹಾಕಿದರೆ ಬಿಟ್ಟ ಬಾಯಿಯೂ ಮುಚ್ಚುತ್ತದೆ. ಧರಿಸುವಾಗ ನಿರಿಗೆಗಳು ಹೊರಗಡೆ ಕೆಳಮುಖವಾಗಿರಬೇಕು. ಮೇಲ್ಮುಖವಾದರೆ ಧೂಳು ತುಂಬುತ್ತದೆ.

2020ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಟ್ಟೆಯ ಮುಖಗವಸಿಗೆ ಮೂರು ಪದರಗಳಿರಬೇಕೆಂದು ಹೇಳಿತು. ಒಳಗಿನದು ತೇವ ಹೀರುವ ನೂಲಿನ ಬಟ್ಟೆ, ಹೊರಗಿನದು ತೇವ ಹೀರದ ಬಟ್ಟೆ, ನಡುವೆ ಸೋಸುವ ಪದರ. ನಾವು ಮೊದಲು ಹೊಲಿದವು ಎರಡೇ ಪದರದವು. ಕೊನೆಯ ನೂರನ್ನು ಮೂರು ಪದರದಲ್ಲಿ ಹೊಲಿದೆವು.

ಒಬ್ಬರಿಗೆ ಕನಿಷ್ಠ ಎರಡಾದರೂ ಇರಬೇಕು, ಒಂದು ಮುಖದ ಮೇಲೆ, ಒಂದು ಹಗ್ಗದ ಮೇಲೆ. ಸಾಬೂನು ಮತ್ತು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಐದು ಗಂಟೆಯಾದರೂ ಒಣಗಿಸಬೇಕು. ಬಿಸಿಲಿಲ್ಲದ ದಿನ ಕುಕ್ಕರಿನಲ್ಲಿ ನೀರು ಹಾಕಿ ಹತ್ತು ನಿಮಿಷ ಕುದಿಸಬಹುದು. ಒದ್ದೆಯಾದದ್ದನ್ನು ಕೂಡಲೇ ಬದಲಿಸಬೇಕು. ತೆಗೆಯುವಾಗ ಮುಂಭಾಗವನ್ನು ಮುಟ್ಟದೆ ಲಾಡಿ ಹಿಡಿದು ತೆಗೆದು, ಕೈ ತೊಳೆದುಕೊಳ್ಳಬೇಕು. ಎರಡು ವರ್ಷದೊಳಗಿನ ಕೂಸುಗಳಿಗೂ ಉಸಿರಾಟದ ತೊಂದರೆ ಇರುವವರಿಗೂ ಇದನ್ನು ಕಟ್ಟಬಾರದು. ವೈದ್ಯಕೀಯ ಮಾಸ್ಕನ್ನಾಗಲಿ ಎನ್-95ನ್ನಾಗಲಿ ಬಟ್ಟೆಯಂತೆ ಒಗೆಯಬಾರದು. ಸಾಬೂನು ತಾಗಿದರೆ ಅದರ ಎಳೆಗಳ ವಿದ್ಯುದಂಶ ಹೋಗಿ ಸೋಸುವ ಶಕ್ತಿ ಕುಂದುತ್ತದೆ.

ಕೊನೆಯ ಮಾತು

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಸೊಸೆ ಈಗಲೂ ಅದೇ ಕೆಲಸದಲ್ಲಿದ್ದಾಳೆ. 2021ರ ಎರಡನೆಯ ಅಲೆಯಲ್ಲಿ ಅವಳಿಗೂ ಜ್ವರ ಬಂದು ಹದಿನೈದು ದಿನ ಮಲಗಿದ್ದಳು, ಚೇತರಿಸಿಕೊಂಡಳು. ಆ ಹದಿನೈದು ದಿನಗಳಲ್ಲಿ ನಮಗೆ ಪದೇ ಪದೇ ನೆನಪಾಗುತ್ತಿದ್ದುದು ಹಿಂದಿರುಗಿದ ಆ ಗಂಟು. ಆಗ ಅವಳು ಮನೆಯವರಿಗೆ ಬೇಸರವಾದೀತೆಂದು ಸುಮ್ಮನಿದ್ದು, ನಮ್ಮ ಖಣದ ಮುಖಗವಸನ್ನೇ ಕಟ್ಟಿಕೊಂಡು ರೋಗಿಗಳ ನಡುವೆ ಓಡಾಡಿದ್ದರೆ? ಬೇಡವೆಂದು ಹೇಳುವ ದಿಟ್ಟತನ ಅವಳಲ್ಲಿತ್ತಲ್ಲ, ಅದಕ್ಕೆ ನಾವು ಋಣಿಗಳು.

ಕೊಡುವ ಕೈಗೆ ತನ್ನಲ್ಲಿರುವುದು ಮೊದಲು ಕಾಣುತ್ತದೆ, ಎದುರಿನವರ ಅಗತ್ಯ ಆಮೇಲೆ ಕಾಣುತ್ತದೆ. ನೆರೆ ಬಂದ ಊರಿಗೆ ಹಳೆಯ ರೇಷ್ಮೆ ಸೀರೆ ಕಳುಹಿಸುವವರೂ, ಪಥ್ಯದಲ್ಲಿರುವ ರೋಗಿಗೆ ಹೋಳಿಗೆ ಒಯ್ಯುವವರೂ ಕೆಟ್ಟವರಲ್ಲ. ಅವರು ಕೇಳಿರುವುದಿಲ್ಲ, ಅಷ್ಟೆ. ಆದ್ದರಿಂದ ನಮ್ಮ ಸಹೋದರಿಯರಲ್ಲಿ ಒಂದು ಬಿನ್ನಹ. ನಿಮ್ಮ ಊರಿನ ಆಸ್ಪತ್ರೆಗೆ ಕೂಸಿನ ಕುಲಾವಿಯನ್ನೋ, ದಿಂಬಿನ ಚೀಲವನ್ನೋ, ಮತ್ತೇನನ್ನೋ ಹೊಲಿದುಕೊಡುವ ಮನಸ್ಸಾದರೆ, ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಲ್ಲಿಯ ಶುಶ್ರೂಷಕಿಯೊಬ್ಬರನ್ನು ಕಂಡು, ಏನು ಬೇಕು, ಯಾವ ಅಳತೆ, ಎಷ್ಟು, ಯಾರಿಗೆ ಎಂದು ಕೇಳಿ ಬನ್ನಿ. ಅವರು ಏನೂ ಬೇಡವೆಂದರೆ ನೊಂದುಕೊಳ್ಳಬೇಡಿ.

ದೊಡ್ಡವ್ವನ ಪ್ರಶ್ನೆಗೆ ನಾವು ಕಡೆಗೂ ಉತ್ತರ ಕೊಟ್ಟೆವು. “ಹೊಲಿಗಿ ಚಲೋ ಇತ್ತವ್ವಾ, ನಾವು ಕೇಳೋದು ಮರತಿದ್ವಿ” ಎಂದೆವು. ಆಕೆ ಕನ್ನಡಕ ಸರಿಪಡಿಸಿಕೊಂಡು, “ಹಂಗಾರ ಮುಂದಿನ ಸಲ ಮೊದಲ ಕೇಳ್ರಿ” ಎಂದು ಹೇಳಿ, ಇಸ್ತ್ರಿ ಮಾಡಿದ ಲಾಡಿಗಳ ಕಟ್ಟನ್ನು ನಮ್ಮ ಕಡೆಗೆ ಸರಿಸಿದಳು.